ಹದಿನೇಳು ಚೀಲದ ಲೆಕ್ಕ: ಸಾರಿಗೆ ಇಲಾಖೆಗೆ ಒಂದು ಬಹಿರಂಗ ಪತ್ರ

ಸಾರಿಗೆ ಇಲಾಖೆಯ ಆಯುಕ್ತರಿಗೆ, ನಮ್ಮ ಭಾಗದ ಆರ್‌ಟಿಓ ಅಧಿಕಾರಿಗಳಿಗೆ, ಹಾಗೇ ಈ ಸುಗ್ಗಿಗೆ ಒಂದು ಪಿಕಪ್ ತಗೊಂಡೇ ಬಿಡೋಣ ಅಂತ ಕೂತಿರುವ ಸಿಂಧನೂರು, ಮಾನ್ವಿ, ಕಾರಟಗಿ, ಗಂಗಾವತಿ ಕಡೆಯ ಅಣ್ಣತಮ್ಮಂದಿರಿಗೆ ನಮಸ್ಕಾರ.

ನಾನು ಸಿಂಧನೂರಿನಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಹೆಸರಿಗೆ ಝೆರಾಕ್ಸ್. ಪಹಣಿ ತೆಗೆದುಕೊಡುವುದು, ಆಧಾರ್ ಪ್ರಿಂಟು, ಬೆಳೆ ವಿಮೆ ಅರ್ಜಿ, ಗಾಡಿ ಕಾಗದ, ಎಲ್ಲ ಅಲ್ಲೇ. ಗಾಡಿ ಕಾಗದದವರೇ ಈಗ ಜಾಸ್ತಿ. ಕೆಎ 36, ಕೆಎ 37, ಕೆಎ 34 ನಂಬರಿನವು ಬರುತ್ತವೆ. ಗಡಿ ಹತ್ತಿರ ಅಲ್ವಾ, ಆಂಧ್ರ ತೆಲಂಗಾಣದಿಂದ ಸೆಕೆಂಡ್ ಹ್ಯಾಂಡ್ ತಂದವರೂ ಬರುತ್ತಾರೆ.

ಬರುವವರು ಒಂದು ಪ್ಲಾಸ್ಟಿಕ್ ಕವರ್ ತರುತ್ತಾರೆ. ಅದರಲ್ಲಿ ಶೋರೂಮಿನವರು ಕೊಟ್ಟ ಕಾಗದವೆಲ್ಲ ತುಂಬಿರುತ್ತದೆ. ಕವರನ್ನು ಟೇಬಲ್ ಮೇಲೆ ಸುರಿದು, "ಯಕ್ಕಾ, ಎಲ್ಲಾ ಐತಿ ನೋಡ್ರಿ, ಏನೇನ್ ಬೇಕೋ ತಗೋರಿ" ಅನ್ನುತ್ತಾರೆ. ನಾನು ತುಂಬುತ್ತಾ ಹೋಗುತ್ತೇನೆ. ಚಾಸಿಸ್ ನಂಬರ್, 17 ಅಕ್ಷರ, ಸರಿ. ಇಂಜಿನ್ ನಂಬರ್ ಸರಿ. ಮಾಲೀಕನ ಹೆಸರು, ಅಪ್ಪನ ಹೆಸರು, ಪಿನ್ ಕೋಡ್ ಸರಿ. ತೂಕದ ಕಾಲಂಗೆ ಬಂದಾಗ ಕೈ ನಿಲ್ಲುತ್ತದೆ.

ಒಂದೇ ಗಾಡಿ. ಬಣ್ಣದ ಕರಪತ್ರದಲ್ಲಿ ಪೇಲೋಡ್ ಅಂತ ದಪ್ಪ ಅಕ್ಷರದಲ್ಲಿ ಒಂದು ಅಂಕಿ. ಅದೇ ಕರಪತ್ರದ ಹಿಂದೆ ಸಣ್ಣ ಅಕ್ಷರದಲ್ಲಿ ಕರ್ಬ್ ವೇಟ್ ಅಂತ ಇನ್ನೊಂದು. ಸೇಲ್ ಸರ್ಟಿಫಿಕೇಟಿನಲ್ಲಿ ಅನ್‌ಲೇಡನ್ ವೇಟ್ ಅಂತ ಮತ್ತೊಂದು. ಗ್ರಾಸ್ ವೇಟ್ ಬೇರೆ. ಫ್ರಂಟ್ ಆಕ್ಸಲ್, ರಿಯರ್ ಆಕ್ಸಲ್ ಬೇರೆ. ಇವುಗಳಲ್ಲಿ ಯಾವುದು ಗಾಡಿಯ ತೂಕ, ಯಾವುದು ಮಾಲಿನ ತೂಕ ಅಂತ ಕನ್ನಡದಲ್ಲಿ ಹೇಳುವ ಒಂದು ಸಾಲು ಆ ಕವರಿನಲ್ಲಿ ಇರುವುದಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಅಂಗಡಿ ಹಾಕಿದ ಹೊಸತು. ಒಬ್ಬರ ಫಾರಂ 20, ಅಂದರೆ ಗಾಡಿ ನೋಂದಣಿಯ ಅರ್ಜಿ, ತುಂಬುತ್ತಿದ್ದೆ. ಕರಪತ್ರದಲ್ಲಿ ಎದ್ದು ಕಾಣುತ್ತಿದ್ದ 1,300 ಅನ್ನೋ ಅಂಕಿಯನ್ನು ತಗೊಂಡು ಖಾಲಿ ತೂಕದ ಕಾಲಂನಲ್ಲಿ ಬರೆದೆ. ಅದು ಪೇಲೋಡ್, ಅಂದರೆ ಗಾಡಿ ಹೊರಬಹುದಾದ ಮಾಲಿನ ತೂಕ ಆಗಿತ್ತು. ಅರ್ಜಿ ನೋಡಿದ ಅಧಿಕಾರಿ ಅವರಿಗೆ, "1,300 ಕೆಜಿ ಗಾಡಿ ಮೇಲೆ 1,700 ಕೆಜಿ ಹೇರ್ತೀಯೇನಪ್ಪಾ? ಗಾಡಿನೋ ಆನೆನೋ?" ಅಂತ ಕೇಳಿ ವಾಪಸ್ ಕಳಿಸಿದರಂತೆ. ಅವರು ನನ್ನ ಅಂಗಡಿಗೆ ಬಂದು ಬೈಯಲಿಲ್ಲ. ನಕ್ಕರು. ಆದರೆ ಒಂದು ದಿನದ ದುಡಿಮೆ, ಬಸ್ ಚಾರ್ಜು ಹೋಯಿತು. ನಾನು ಅವತ್ತು ರಾತ್ರಿ ಕೂತು ಈ ತೂಕದ ಪುರಾಣ ಓದೋಕೆ ಶುರು ಮಾಡಿದೆ.

ಓದಿದ ಮೇಲೆ ತಿಳಿದದ್ದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆ ಅರ್ಥ ಕೊಡುವ ತೂಕಗಳಲ್ಲಿ ನಮಗೆ ಮುಖ್ಯವಾದವು ಎರಡು. ಒಂದು ಖಾಲಿ ತೂಕ, ಅಂದರೆ ಅನ್‌ಲೇಡನ್ ವೇಟ್. ಗಾಡಿ ಕೆಲಸ ಮಾಡುವಾಗ ಸಾಮಾನ್ಯವಾಗಿ ಜೊತೆಗಿರುವ ಸಾಮಾನೆಲ್ಲ ಸೇರಿ, ಡ್ರೈವರ್ ಮತ್ತು ಅವನ ಜೊತೆಗಾರನನ್ನು ಬಿಟ್ಟು ಬರುವ ತೂಕ. ಇನ್ನೊಂದು ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂ. ಗಾಡಿ, ಮಾಲು, ಮಂದಿ ಎಲ್ಲ ಸೇರಿ ಇಷ್ಟರ ಮೇಲೆ ಹೋಗಬಾರದು ಅಂತ ನೋಂದಣಿ ಅಧಿಕಾರಿ ಬರೆದುಕೊಳ್ಳುವ ತೂಕ. ಲಾರಿಗಳ ಪಕ್ಕದಲ್ಲಿ ಯುಎಲ್‌ಡಬ್ಲ್ಯೂ, ಆರ್‌ಎಲ್‌ಡಬ್ಲ್ಯೂ ಅಂತ ಪೇಂಟರ್ ಬರೆದಿರುತ್ತಾನಲ್ಲ, ಅವೇ ಇವು.

ಪೇಲೋಡ್? ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದು ಪೇಲೋಡ್. ಫಾರಂ 21 ಅನ್ನೋ ಸೇಲ್ ಸರ್ಟಿಫಿಕೇಟ್ ತೆಗೆದು ನೋಡಿ. ಖಾಲಿ ತೂಕದ ಸಾಲಿದೆ. ಆಕ್ಸಲ್ ತೂಕದ ಸಾಲಿದೆ. ಒಟ್ಟು ತೂಕದ ಸಾಲಿದೆ. ಗಾಡಿಯ ಬಣ್ಣಕ್ಕೂ ಒಂದು ಸಾಲಿದೆ. ಪೇಲೋಡಿಗೆ ಸಾಲಿಲ್ಲ. ಆರ್‌ಸಿ, ಅಂದರೆ ಗಾಡಿ ನೋಂದಣಿ ಕಾರ್ಡಿನಲ್ಲೂ ಇಲ್ಲ. ಸ್ವಾಮಿ, ನಮ್ಮೂರಿನವನು ಏಳೆಂಟು ಲಕ್ಷ ಸಾಲ ಮಾಡಿ ಪಿಕಪ್ ತಗೊಳ್ಳೋದೇ ಆ ಒಂದು ಅಂಕಿಗೋಸ್ಕರ. ಎಷ್ಟು ಹೊರುತ್ತೆ ಅಂತ ಕೇಳಿಯೇ ತಗೊಳ್ಳುತ್ತಾನೆ. ಆ ಅಂಕಿ ಮಾರುವವರ ಕರಪತ್ರದಲ್ಲಿ ದಪ್ಪಗಿದೆ, ಅವನ ಜೇಬಿನ ಆರ್‌ಸಿಯಲ್ಲಿ ಇಲ್ಲ.

ಕಳೆದುಕೊಂಡರೆ ಆಯ್ತಲ್ಲ, ಎರಡನೇ ಕ್ಲಾಸಿನ ಲೆಕ್ಕ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ನಮ್ಮ ಸೋದರಮಾವನ ಗಾಡಿ ಕಾಟಾ, ಅಂದರೆ ಲಾರಿ ತೂಗುವ ತಕ್ಕಡಿ, ಹತ್ತುವ ತನಕ.

ಮಾವ ಮೂವತ್ತು ವರ್ಷ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದವನು. ಹೊಲ ಮಗನಿಗೆ ಬಿಟ್ಟು ಗಾಡಿ ತಗೊಂಡ. ಭತ್ತದ ಕಾಲಕ್ಕೆ ಮಿಲ್ಲಿಗೆ ಭತ್ತ, ಉಳಿದ ಕಾಲಕ್ಕೆ ಹತ್ತಿ, ಮೆಣಸಿನಕಾಯಿ. ಹತ್ತಿ ಹಗುರ, ಜಾಗ ಜಾಸ್ತಿ ಬೇಕು. ಅದಕ್ಕೇ ಕಂಪನಿ ಬಾಡಿ ಬೇಡ ಅಂದ. ಬರೀ ಕ್ಯಾಬಿನ್ ಮತ್ತು ಚಾಸಿಸ್ ತಗೊಂಡು ಊರಲ್ಲೇ ಬಾಡಿ ಕಟ್ಟಿಸಿದ. ಗ್ಯಾರೇಜಿನವನು ಒಳ್ಳೆ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ದಪ್ಪ ತಗಡು ಹಾಕಿದ. ಪಕ್ಕದ ಹಲಗೆ ಒಂದೂವರೆ ಅಡಿ ಎತ್ತರಿಸಿದ. ಕ್ಯಾಬಿನ್ ಮೇಲೆ ಕ್ಯಾರಿಯರ್ ಕೂರಿಸಿದ. ನೆಲಕ್ಕೆ ಗೀರು ತಗಡು, ಅದರ ಕೆಳಗೆ ಎರಡು ಕಬ್ಬಿಣದ ಚಾನಲ್ ಜಾಸ್ತಿ. "ಮಾವಾ, ಇದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತದ" ಅಂದ. ಇರುತ್ತದೆ, ನಾನೂ ನೋಡಿದ್ದೇನೆ.

ಬಾಡಿ ಬೇರೆ ಕಡೆ ಕಟ್ಟಿಸಿದರೆ ಫಾರಂ 22ಎ ಬೇಕು. ಕಟ್ಟಿದವರು ಅದರಲ್ಲಿ ಸಹಿ ಮಾಡಿ ಕೊಡಬೇಕು. ಕೊಟ್ಟರು. ಜೊತೆಗೆ ಅರ್ಜಿಗೆ ಬೇಕು ಅಂತ ಖಾಲಿ ತೂಕವನ್ನೂ ಬರೆದುಕೊಟ್ಟರು. 1,690 ಕೆಜಿ. ಎಲ್ಲಿಂದ ಬಂತು ಅಂತ ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ತುಂಬಿದವಳೇ ನಾನು. ಒಟ್ಟು ತೂಕ 2,990. ಆರ್‌ಸಿ ಬಂತು. ಕಾರ್ಡಿನಲ್ಲಿ 1,690, 2,990.

ಮಾವ ಓವರ್‌ಲೋಡ್ ಹೇರುವವನಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ 30 ಚೀಲ ಹಾಕುವವರಿದ್ದಾರೆ, 40 ಹಾಕುವವರೂ ಇದ್ದಾರೆ, ಅವರನ್ನು ಸಮರ್ಥಿಸಿ ನಾನು ಈ ಪತ್ರ ಬರೆಯುತ್ತಿಲ್ಲ. ಹಿಂದಿನ ಟೈರ್ ಸಿಡಿದು ಭತ್ತದ ಮೇಲೆ ಕೂತಿದ್ದ ಹಮಾಲರು ರಸ್ತೆಗೆ ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಾವ ಲೆಕ್ಕದ ಮನುಷ್ಯ. 2,990ರಲ್ಲಿ 1,690 ಕಳೆದ. 1,300. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಭಾಗಿಸಿದ. ಹದಿನೇಳು ಚೀಲ, ಮೇಲೆ 25 ಕೆಜಿ. "ಹದಿನೇಳು, ಹದಿನೆಂಟನೇದು ಬ್ಯಾಡ" ಅಂತ ಹಮಾಲರಿಗೆ ಹೇಳಿದ. ಅವರು ನಕ್ಕರು. ಇಷ್ಟು ಸಣ್ಣ ಲೋಡಿಗೆ ನಮ್ಮನ್ನು ಕರೆಸಿದೆಯಾ ಅಂತ.

ಮೊದಲ ಸುಗ್ಗಿಯ ಮೂರನೇ ಟ್ರಿಪ್ಪಿಗೆ ತಪಾಸಣೆಯವರು ಕೈ ತೋರಿಸಿದರು. ಮಾವ ಎದೆ ಉಬ್ಬಿಸಿಕೊಂಡೇ ಇಳಿದ. ನಮ್ಮದು ಪಕ್ಕಾ ಲೆಕ್ಕ, ತೂಕ ಮಾಡಿ ಸಾಹೇಬರೇ ಅಂದ. ಮಾಡಿದರು. 3,320.

2,990 ಇರಬೇಕಾದ ಕಡೆ 3,320. 330 ಕೆಜಿ ಜಾಸ್ತಿ. ಮಾವನಿಗೆ ನಂಬಿಕೆಯೇ ಬರಲಿಲ್ಲ. ಚೀಲ ಎಣಿಸಿದರು, ಹದಿನೇಳೇ ಇದ್ದವು. ಕಾಟಾ ಕೆಟ್ಟಿದೆ ಅಂದ. ಕಾಟಾ ಕೆಟ್ಟಿರಲಿಲ್ಲ. ಕಾಯ್ದೆಯ 194ನೇ ಕಲಂ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. 2019ರ ತಿದ್ದುಪಡಿಗೆ ಮುಂಚೆ 2,000 ಮತ್ತು 1,000 ಇದ್ದದ್ದು ಹೀಗಾಗಿದೆ. ದಂಡ ಬರೆದವರದ್ದು ತಪ್ಪಿಲ್ಲ. ಅವರು ಕಂಡದ್ದು ಬರೆದರು. ಐದು ಚೀಲ ರಸ್ತೆ ಪಕ್ಕ ಇಳಿಸಿದ ಮೇಲೆ ಗಾಡಿ ಬಿಟ್ಟರು. ಮಾವ ಆ ಐದು ಚೀಲದ ಮೇಲೆ ಹಮಾಲನನ್ನು ಕೂರಿಸಿ ಮಿಲ್ಲಿಗೆ ಹೋಗಿ ಬಂದ. ವಾಪಸ್ ಬರೋ ಹೊತ್ತಿಗೆ ಒಂದು ಎಮ್ಮೆ ಒಂದು ಚೀಲದ ಬಾಯಿ ಬಿಚ್ಚಿತ್ತು. ಇದನ್ನು ಅವನು ದಂಡಕ್ಕಿಂತ ಜಾಸ್ತಿ ಸಲ ಹೇಳಿದ್ದಾನೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕಾಟಾಕ್ಕೆ ಹೋದೆವು. ರೈಸ್ ಮಿಲ್ಲಿನ ಎದುರಿನ ಕಾಟಾ. ಭತ್ತದ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ಮುಂಚೆ ಹೋಗಬೇಕು ಅಂತ ಆರೂವರೆಗೇ ಹೊರಟೆವು. ತೂಕ ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ಆ ಸರ್ಟಿಫಿಕೇಟ್ ಗಾಜಿನ ಹಿಂದೆ ತೂಗುಹಾಕಿತ್ತು, ತಾರೀಖು ನೋಡಿಕೊಂಡೆ. ಗಾಡಿ ಹತ್ತಿಸಿದೆವು. ಕೆಂಪು ಅಂಕಿಗಳು ಓಡಾಡಿ ನಿಂತವು. 1,980.

ಕಾಟಾದ ಹುಡುಗ ಕಿಟಕಿಯಿಂದ, "ಮಾಮಾ, ನೀನ್ ಇಳೀಲೇ ಇಲ್ಲಲ್ಲ" ಅಂದ. ಹೌದು, ಮಾವ ಸ್ಟೇರಿಂಗ್ ಹಿಡಿದೇ ಕೂತಿದ್ದ. ಇಳಿದ. 1,910.

ಲಾರಿ ತೂಗುವ ಈ ಕಾಟಾ ಹತ್ತು ಹತ್ತು ಕೆಜಿ ಲೆಕ್ಕದಲ್ಲೇ ತೋರಿಸುವುದು. 1,913 ಇದ್ದರೂ 1,910 ಅನ್ನುತ್ತದೆ. ಅಷ್ಟು ಹೆಚ್ಚುಕಮ್ಮಿ ಬಿಡಿ. ಆದರೆ ಕಾಗದದಲ್ಲಿದ್ದ 1,690 ಎಲ್ಲಿ, 1,910 ಎಲ್ಲಿ? 220 ಕೆಜಿ. ಮೂರು ಚೀಲ ಭತ್ತ. ಹದಿನೇಳು ಚೀಲದ ಕೆಳಗೆ ಬಾಡಿ ರೂಪದಲ್ಲಿ ಇನ್ನೂ ಮೂರು ಚೀಲ ಕೂತಿದ್ದವು, ಅವನ್ನು ಯಾರೂ ಎಣಿಸಿರಲಿಲ್ಲ.

ಸ್ಟೆಪ್ನಿ ತೆಗೆದು ತೂಗೋಣವೇ ಅಂತ ಮಾವ ಕೇಳಿದ. ತೆಗೆಯಬಾರದು. ಸ್ಟೆಪ್ನಿ, ಜ್ಯಾಕು, ತಾಡಪತ್ರಿ, ಹಗ್ಗ ಎಲ್ಲ ಗಾಡಿ ಜೊತೆ ದಿನಾ ಓಡಾಡುವ ಸಾಮಾನೇ. ಕಾಯ್ದೆಯ ಮಾತಿನಲ್ಲೇ ಅವೂ ಖಾಲಿ ತೂಕಕ್ಕೆ ಸೇರುತ್ತವೆ. ಡೀಸೆಲ್ಲೂ ತೂಕವೇ. ಲೀಟರಿಗೆ ಸುಮಾರು 830 ಗ್ರಾಂ, 50 ಲೀಟರ್ ತುಂಬಿಸಿದರೆ 40 ಕೆಜಿ ಮೇಲೆ. ಅರ್ಧ ಟ್ಯಾಂಕಿನಲ್ಲಿ ತೂಗಿಸಿ ಕಡಿಮೆ ಬರೆಸಿಕೊಂಡರೆ ಯಾರಿಗೆ ಲಾಭ? ಚೆಕಿಂಗಿನವರು ಟ್ಯಾಂಕ್ ಖಾಲಿ ಮಾಡಿ ತೂಗುವುದಿಲ್ಲ.

ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಕಾಟಾ ಮೇಲೆ ನಿಲ್ಲಿಸಿದೆವು. 1,050. ಮುಂದೆ ಸರಿಸಿ ಹಿಂದಿನ ಚಕ್ರ ಮಾತ್ರ ನಿಲ್ಲಿಸಿದೆವು. 870. ಕೂಡಿದರೆ 1,920. ಹತ್ತು ಕೆಜಿ ಜಾಸ್ತಿ. "ಅದು ಕಾಟಾದ್ದು, ನಿಮ್ದಲ್ಲ" ಅಂತ ಹುಡುಗ ಸಮಾಧಾನ ಹೇಳಿದ. ಖಾಲಿ ಗಾಡಿಯಲ್ಲಿ ಭಾರ ಮುಂದೆ, ಇಂಜಿನ್ ಅಲ್ಲಿದೆಯಲ್ಲ. ಚೀಲ ಹೇರಿದ ಮೇಲೆ ಹೆಚ್ಚು ಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಕೆಲವರು ಹಿಂದೆ ಎರಡು ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಹಾಕಿಸಿ, ಈಗ ಎರಡು ಟನ್ ಹೊರುತ್ತೆ ಅಂತ ನಂಬಿಕೊಂಡಿರುತ್ತಾರೆ. ಗಾಡಿ ಕೂರುವುದು ಕಡಿಮೆ ಆಗಬಹುದು. ಆದರೆ ಬ್ರೇಕು, ಟೈರು, ಆಕ್ಸಲ್ ಎಲ್ಲ ಹಳೇವೇ ತಾನೆ? ಪ್ಲೇಟ್ ಹಾಕಿಸಿದರೆ ಆರ್‌ಸಿಯಲ್ಲಿನ ಒಟ್ಟು ತೂಕ ಒಂದು ಕೆಜಿಯೂ ಮೇಲೇರುವುದಿಲ್ಲ. ಅದನ್ನು ಹೇಳುವವನು ಕಂಪನಿಯವನು, ಪರೀಕ್ಷೆ ಮಾಡಿಸಿ ಒಪ್ಪಿಗೆ ತಂದವನು. ಗ್ಯಾರೇಜಿನವನಲ್ಲ.

ಈಗ ಹೊಸ ಲೆಕ್ಕ. 2,990ರಲ್ಲಿ 1,910 ಕಳೆದರೆ 1,080. ಚೀಲಕ್ಕೆ ಭಾಗಿಸಿದರೆ ಹದಿನಾಲ್ಕು. ಆದರೆ ಖಾಲಿ ತೂಕದಲ್ಲಿ ಡ್ರೈವರ್ ಇಲ್ಲ. ಮಾವ 70, ಒಬ್ಬ ಹಮಾಲ 60. ಅದನ್ನೂ ಕಳೆದರೆ 950. ಹನ್ನೆರಡು ಚೀಲ. ಕರಪತ್ರ ಹೇಳಿದ್ದು ಹದಿನೇಳು, ಗಾಡಿ ನಿಜವಾಗಿ ಹೊರಬಹುದಾದದ್ದು ಹನ್ನೆರಡು. ಮಾವ ಕಾಟಾ ಚೀಟಿ ಹಿಂದೆ ಇದನ್ನು ಬರೆದು, ಬಹಳ ಹೊತ್ತು ನೋಡುತ್ತಾ ನಿಂತಿದ್ದ. ಸಾಲದ ಕಂತು ಅವನು ಹದಿನೇಳರ ಲೆಕ್ಕದಲ್ಲಿ ಹಾಕಿಕೊಂಡಿದ್ದ.

1,690 ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಬಹಳ ಹುಡುಕಬೇಕಾಗಲಿಲ್ಲ. ಕರಪತ್ರದಲ್ಲಿ ಕಂಪನಿ ಬಾಡಿ ಇರುವ ಗಾಡಿಗೆ ಪೇಲೋಡ್ 1,300 ಅಂತಿತ್ತು. 2,990ರಲ್ಲಿ 1,300 ಕಳೆದು ಬರೆದಿದ್ದರು, ಅಷ್ಟೇ. ಕಟ್ಟಿದ ಬಾಡಿಯನ್ನು ಯಾರೂ ತೂಗಿರಲಿಲ್ಲ. ಆ ಗ್ಯಾರೇಜ್ ಯಾವುದು, ಗಾಡಿ ಮಾರಿದವರು ಯಾರು, ಯಾವ ಕಚೇರಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಒಬ್ಬರ ಮೇಲೆ ಹಾಕಿದರೆ ಉಳಿದವರೆಲ್ಲ ನಾವಲ್ಲ ಬಿಡು ಅಂತ ಕೂರುತ್ತಾರೆ. ಈ ಕೆಲಸ ಊರೂರಲ್ಲೂ ಹೀಗೇ ನಡೆದಿದೆ, ನನ್ನ ಟೇಬಲ್ ಮೇಲೂ ಸೇರಿ.

ಆಯುಕ್ತರೇ, ಪೂರ್ತಿ ಕಟ್ಟಿದ ಹೊಸ ಗಾಡಿಗೆ ಈಗ ಈ ತೊಂದರೆ ಅಷ್ಟಿಲ್ಲ, ಅದನ್ನು ಒಪ್ಪುತ್ತೇನೆ. ಕಂಪನಿ ಕೊಟ್ಟ ತೂಕ ಗಾಡಿ ನೋಂದಣಿಯ ವಾಹನ್ ಪೋರ್ಟಲಿಗೆ ತಾನಾಗಿ ಬಂದು ಕೂರುತ್ತದೆ, ನಮ್ಮಂಥವರ ಕೈ ಬೀಳುವುದಿಲ್ಲ. ತೊಂದರೆ ಇರುವುದು ಊರಲ್ಲಿ ಬಾಡಿ ಕಟ್ಟಿಸಿದ ಗಾಡಿಗೆ. ಇನ್ನೊಂದು, ಹಳೇ ಗಾಡಿಗೆ.

ಹಳೇ ಗಾಡಿಯದ್ದು ಒಂದು ಹೇಳುತ್ತೇನೆ. ಪುಸ್ತಕದ ಆರ್‌ಸಿ ಕಾಲದ ಪಿಕಪ್. ಮಾಲೀಕರು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲು ಹೋದರೆ ಪರ್ಮಿಟ್ ಎಲ್ಲಿ ಅಂತ ಕೇಳಿದರಂತೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಕಾಯ್ದೆಯ 66ನೇ ಕಲಮಿನಲ್ಲೇ ಇದೆ. ಪಿಕಪ್ಪುಗಳ ಒಟ್ಟು ತೂಕ 2,990ರ ಆಸುಪಾಸು ಬಂದು ನಿಲ್ಲುವುದು ಸುಮ್ನೆ ಅಲ್ಲ ಅಂತ ನನ್ನ ಅನುಮಾನ. ಅವರ ಗಾಡಿಯನ್ನು ಫೋನಿನಲ್ಲಿ ಸರ್ಕಾರದ ಎಂಪರಿವಾಹನ್ ಆ್ಯಪ್ ತೆಗೆದು ನೋಡಿದೆ. ಒಟ್ಟು ತೂಕ 3,990 ಅಂತಿತ್ತು.

ಪುಸ್ತಕ ತರಿಸಿದೆ. ಮಡಿಸಿ ಮಡಿಸಿ ನಾಲ್ಕು ತುಂಡಾಗಿತ್ತು, ಹಿಂದೆ ಸೆಲ್ಲೋಟೇಪ್. ತೂಕವನ್ನು ಯಾರೋ ನೀಲಿ ಇಂಕಿನಲ್ಲಿ ಬರೆದಿದ್ದರು. ಅವರ ಕೈಬರಹದಲ್ಲಿ 2ರ ನೆತ್ತಿ ಸುರುಳಿ ಸುತ್ತಿ, ಬಾಲ ಒಳಗೆ ತಿರುಗಿತ್ತು. ಬೆಳಕಿಗೆ ಹಿಡಿದರೆ 2. ನೆರಳಲ್ಲಿ 3. ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಿದವರು ನೆರಳಲ್ಲಿ ಕೂತಿದ್ದರೋ ಏನೋ. ಒಂದು ಸುರುಳಿಯಿಂದ ಗಾಡಿ ಒಂದು ಟನ್ ದಪ್ಪ ಆಯಿತು. ತೆರಿಗೆ ಒಟ್ಟು ತೂಕದ ಮೇಲೆ, ಪರ್ಮಿಟ್ ಒಟ್ಟು ತೂಕದ ಮೇಲೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ಹಾಗೇ. ಪುಣ್ಯಕ್ಕೆ ಅದರಲ್ಲಿ 7,500 ಕೆಜಿ ತನಕ ಒಂದೇ ದರ, 2022ರಲ್ಲಿ ಗೊತ್ತುಮಾಡಿದ್ದು 16,049 ರೂಪಾಯಿ. ಡ್ರೈವಿಂಗ್ ಲೈಸೆನ್ಸಿಗೂ ಅದೇ 7,500ರ ಗೆರೆ. ಎಲ್‌ಎಂವಿ, ಅಂದರೆ ಹಗುರ ವಾಹನದ ಲೈಸೆನ್ಸ್ ಇದ್ದವರು ಆ ಗೆರೆಯೊಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ಹೀಗಾಗಿ ಅಲ್ಲಿ ಅವರು ಬಚಾವಾದರು. ಪರ್ಮಿಟ್ಟಿನ ಹತ್ತಿರ ಸಿಕ್ಕಿಬಿದ್ದರು.

ಅದನ್ನು 2,990 ಮಾಡಿಸಲು ಅವರು ಮೂರು ಸಲ ಅಲೆದರು. ಒಮ್ಮೆ ಅರ್ಜಿ ಕೊಡಲು, ಒಮ್ಮೆ ಗಾಡಿ ತೋರಿಸಲು, ಒಮ್ಮೆ ಸಂಬಂಧಪಟ್ಟವರು ರಜೆ ಅಂತ ಗೊತ್ತು ಮಾಡಿಕೊಳ್ಳಲು. ನಾಲ್ಕನೇ ಸಲ ಆಯಿತು. ತಪ್ಪು ಬರೆದವರಿಗೆ ಖರ್ಚಿಲ್ಲ, ತಪ್ಪು ತೋರಿಸಿದವನಿಗೆ ನಾಲ್ಕು ದಿನದ ಬಾಡಿಗೆ ಖರ್ಚು.

ನಾನು ಕೇಳುವುದು ದೊಡ್ಡದೇನಲ್ಲ. ಫಾರಂಗಳು ದೆಹಲಿಯವು, ಕೇಂದ್ರದ ನಿಯಮದಲ್ಲಿ ಇರುವಂಥವು, ಆರ್‌ಸಿಯಲ್ಲಿ ಹೊಸ ಸಾಲು ಸೇರಿಸುವುದು ನಿಮ್ಮ ಒಬ್ಬರ ಕೈಯಲ್ಲಿಲ್ಲ ಅಂತ ಗೊತ್ತು. ಸೇರಿಸಿ ಅಂತ ಅವರಿಗೆ ಒಂದು ಪತ್ರ ಬರೆದರೆ ಸಂತೋಷ. ಅದು ಬರುವ ತನಕ ನಮ್ಮ ಕಚೇರಿಗಳಲ್ಲಿ ಮಾಡಬಹುದಾದದ್ದು ಇದೆ.

ಊರಲ್ಲಿ ಬಾಡಿ ಕಟ್ಟಿಸಿದ ಗಾಡಿ ತಪಾಸಣೆಗೆ ಬಂದಾಗ ಕಾಟಾ ಚೀಟಿ ಕೇಳಿ. ಮುದ್ರೆ ಇರುವ ಕಾಟಾದ್ದು, ಬಾಡಿ ಕೂತ ಮೇಲಿನದ್ದು, ಗಾಡಿ ನಂಬರ್ ಅಥವಾ ಚಾಸಿಸ್ ನಂಬರಿನ ಕೊನೆಯ ಅಂಕಿಗಳು ಇರುವಂಥದ್ದು. ಕೇಳುವ ಕಚೇರಿಗಳೂ ಇವೆ, ಅವಕ್ಕೆ ದೊಡ್ಡ ನಮಸ್ಕಾರ. ಕೇಳದ ಕಡೆ ಕರಪತ್ರದ ಅಂಕಿಯೇ ಆರ್‌ಸಿಗೆ ಹೋಗುತ್ತಿದೆ. ಕಾಟಾಕ್ಕೆ ನೂರಿನ್ನೂರು ರೂಪಾಯಿ, ಹತ್ತು ನಿಮಿಷ. ನಮ್ಮ ಊರುಗಳಲ್ಲಿ ಏನಿಲ್ಲದಿದ್ದರೂ ಕಾಟಾಕ್ಕೆ ಬರವಿಲ್ಲ. ಹಿಂದೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದರೆ ಗಾಡಿ ಸುತ್ತ ಎರಡು ಸುತ್ತು ಹಾಕಿ ಕಾಲಲ್ಲಿ ಟೈರ್ ಒದ್ದು ನೋಡುತ್ತಿದ್ದರು ಅಂತ ಮಾವ ಹೇಳುತ್ತಾನೆ. ಈಗ ಎಲ್ಲ ಸ್ಕ್ರೀನಿನಲ್ಲೇ ಮುಗಿಯುತ್ತದೆ. ಗಾಡಿಯ ತೂಕ ಸ್ಕ್ರೀನಿನಲ್ಲಿ ಕಾಣುವುದಿಲ್ಲ, ಏನು ಮಾಡೋದು.

ಹಾಗೇ, ಅಂಕಿಗಳನ್ನು ಅಂತಿಮ ಮಾಡುವ ಬಟನ್ ಒತ್ತುವ ಮುಂಚೆ ಮಾಲೀಕನಿಗೆ ಒಂದು ಸಲ ತೋರಿಸಿ. ಖಾಲಿ ತೂಕ ಇಷ್ಟು, ಒಟ್ಟು ತೂಕ ಇಷ್ಟು, ಉಳಿದದ್ದು ಇಷ್ಟು, ನಿನ್ನ ಮತ್ತು ನಿನ್ನ ಹಮಾಲನ ತೂಕವೂ ಇದರೊಳಗೇ ಅಂತ ಕನ್ನಡದಲ್ಲಿ ಒಂದು ಚೀಟಿ ಕೊಟ್ಟರೆ ಸಾಕು. ಅವನು ಚೀಲದ ಲೆಕ್ಕ ತಾನೇ ಹಾಕಿಕೊಳ್ಳುತ್ತಾನೆ. ಹಳೇ ಪುಸ್ತಕದಿಂದ ಏರಿಸುವಾಗ ಆದ ತಪ್ಪಿಗೆ ಪುಸ್ತಕ ತೋರಿಸಿದರೆ ಅಂದೇ ತಿದ್ದುವ ಏರ್ಪಾಡು ಮಾಡಿ. ತಿಂಗಳಿಗೆ ಒಂದು ದಿನ ತಾಲ್ಲೂಕಿನಲ್ಲಿ ಕೂತು ತಿದ್ದಿದರೂ ಸರಿ. ಸರ್ಕಾರದ ಸಕಾಲ ಯೋಜನೆಯಲ್ಲಿ ಇಷ್ಟು ದಿನದೊಳಗೆ ಕೆಲಸ ಮುಗಿಸಬೇಕು ಅನ್ನೋ ಲೆಕ್ಕ ಇದೆ, ನಿಜ. ಆದರೆ ಆ ಲೆಕ್ಕ ಅರ್ಜಿ ತಗೊಂಡು ರಸೀದಿ ಕೊಟ್ಟ ಮೇಲೆ ಶುರು. ಅರ್ಜಿ ತಗೊಳ್ಳುವ ಮುಂಚಿನ ಅಲೆದಾಟಕ್ಕೆ ಲೆಕ್ಕವಿಲ್ಲ.

ಪಿಕಪ್ ತಗೊಳ್ಳುವ ಅಣ್ಣತಮ್ಮಂದಿರಿಗೆ ಒಂದು ಮಾತು. ಕರಪತ್ರದ ಪೇಲೋಡ್ ನೋಡಿ ಸಾಲಕ್ಕೆ ಸಹಿ ಮಾಡಬೇಡಿ. ಒಂದೇ ಹೆಸರಿನ ಗಾಡಿಯಲ್ಲೇ ನಾಲ್ಕೈದು ನಮೂನೆ ಇರುತ್ತವೆ. ಬಾಡಿ ಉದ್ದ ಇದ್ದದ್ದು, ಎಸಿ ಇದ್ದದ್ದು, ಸಿಎನ್‌ಜಿ ಸಿಲಿಂಡರ್ ಇದ್ದದ್ದು, ಒಂದೊಂದರ ತೂಕ ಒಂದೊಂದು. ನಿಮ್ಮ ಚಾಸಿಸ್ ನಂಬರಿಗೆ ಬಂದ ಫಾರಂ 21 ಯಾವ ಅಂಕಿ ಹೇಳುತ್ತದೆ ಅಂತ ನೋಡಿ. ಬಾಡಿ ಕಟ್ಟಿಸುವುದಾದರೆ ತಗಡಿನ ದಪ್ಪ ಕೇಳುವ ಹಾಗೆ ತೂಕವನ್ನೂ ಕೇಳಿ. ಗ್ಯಾರೇಜಿನವನು ಗಟ್ಟಿ ಮಾಡುತ್ತೇನೆ ಅಂದಾಗಲೆಲ್ಲ ಒಂದೊಂದು ಚೀಲ ಕಡಿಮೆ ಆಗುತ್ತದೆ. ಅವನು ಹಾಕುವ ಪ್ರತಿ ಕೆಜಿ ಕಬ್ಬಿಣಕ್ಕೆ ನೀವು ಒಂದು ಸಲ ದುಡ್ಡು ಕೊಡುತ್ತೀರಿ, ಆಮೇಲೆ ಪ್ರತಿ ಟ್ರಿಪ್ಪಿನಲ್ಲೂ ಅಷ್ಟೇ ಭತ್ತ ಬಿಟ್ಟು ಹೋಗುತ್ತೀರಿ. ಗಾಡಿ ನೋಂದಣಿ ಆದ ಮೇಲೆ ಬಾಡಿ ಎತ್ತರಿಸಿದರೆ ಅದು ಬೇರೆಯೇ ಕಥೆ. ಆರ್‌ಸಿಯಲ್ಲಿ ಇರುವುದಕ್ಕಿಂತ ಗಾಡಿ ಬೇರೆ ಆದರೆ 52ನೇ ಕಲಂ ಬಂದು ನಿಲ್ಲುತ್ತದೆ. ಕೇಳಿಕೊಂಡು ಮಾಡಿ.

ಮಾವನ ಆರ್‌ಸಿ ಈಗ ಸರಿಯಾಗಿದೆ. ಖಾಲಿ ತೂಕ 1,910. ಕ್ಯಾಬಿನ್ ಮೇಲಿನ ಕ್ಯಾರಿಯರ್ ಬಿಚ್ಚಿಸೋಣ, ಅರ್ಧ ಚೀಲವಾದರೂ ವಾಪಸ್ ಬರುತ್ತೆ ಅಂತ ಗ್ಯಾರೇಜಿಗೆ ಹೋಗಿದ್ದ. ಕಟ್ಟಿದವನಿಗೆ ಬೇಜಾರಾಯಿತಂತೆ, ಅಷ್ಟು ಚೆಂದ ಮಾಡಿದ್ದೆ ಅಂತ. ಬಿಚ್ಚಿಸದೇ ಬಂದ. ಹಾಗೆ ಬರುವಾಗ ದಾರಿಯಲ್ಲಿ ಪೇಂಟರ್ ಹತ್ತಿರ ನಿಲ್ಲಿಸಿದ. ಪೇಂಟರ್ ಎಂದಿನಂತೆ ಯುಎಲ್‌ಡಬ್ಲ್ಯೂ, ಆರ್‌ಎಲ್‌ಡಬ್ಲ್ಯೂ ಬರೆದ. ಅದರ ಕೆಳಗೆ ಇನ್ನೊಂದು ಸಾಲು ಬರಿ ಅಂತ ಮಾವ ಹೇಳಿದ. ಏನು ಅಂತ ಪೇಂಟರ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಹಳದಿ ಬಣ್ಣದಲ್ಲಿ ದುಂಡಗೆ ಬರೆದ: ಭತ್ತ 12 ಚೀಲ.

ಹಮಾಲರು ಈಗಲೂ ನಗುತ್ತಾರೆ. ನಾನು ಮಾತ್ರ ಅದರ ಫೋಟೋ ತೆಗೆದು ಪ್ರಿಂಟ್ ಹಾಕಿ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಪಕ್ಕದಲ್ಲಿ ಮಾವನ ಕಾಟಾ ಚೀಟಿಯ ಝೆರಾಕ್ಸ್, ಅವನ ಕೈಬರಹದ ಲೆಕ್ಕದ ಸಮೇತ. ತೂಕದ ಕಾಲಂ ಬಂದಾಗ ಅದನ್ನೇ ತೋರಿಸುತ್ತೇನೆ. ನಿಮ್ಮ ಕಚೇರಿಯಿಂದ ಕನ್ನಡದಲ್ಲಿ ಒಂದು ಬೋರ್ಡು ಬಂದ ದಿನ ನನ್ನದನ್ನು ತೆಗೆದು ಅಲ್ಲಿ ಅದನ್ನು ಹಾಕುತ್ತೇನೆ. ಮೊಳೆ ಈಗಲೇ ಹೊಡೆದಿಟ್ಟಿದ್ದೇನೆ.

ಇಂತಿ,
ಸಿಂಧನೂರಿನ ಝೆರಾಕ್ಸ್ ಅಂಗಡಿಯವಳು